ಪೆನ್ಸಿಲ್ ಗುರುತು ನೋಡಿಕೊಂಡು ರಿಪೇರಿ: ಹಂಸಧ್ವನಿಯಲ್ಲೊಂದು ಸ್ಟ್ರಿಂಗ್ ಕ್ವಾರ್ಟೆಟ್

ಎರಡು ವಯಲಿನ್, ಒಂದು ವಿಯೋಲಾ, ಒಂದು ಚೆಲ್ಲೊ. ಸುಮಾರು ಏಳು ನಿಮಿಷ. ರಾಗ ಹಂಸಧ್ವನಿ. ಕಂಪ್ಯೂಟರಿನಲ್ಲಿ ಬರೆದು ಮುಗಿಸಿದ್ದ ಈ ಕ್ವಾರ್ಟೆಟ್ಟನ್ನು ನಾಲ್ವರು ವಾದಕರ ಮುಂದಿಟ್ಟ ಮೇಲೆ ಏನೇನು ಬಿಚ್ಚಿ ಮತ್ತೆ ಜೋಡಿಸಬೇಕಾಯಿತು, ಯಾವುದನ್ನು ಯಾರು ಹೇಳಿದರೂ ಮುಟ್ಟದೆ ಬಿಟ್ಟೆ ಎನ್ನುವುದರ ಲೆಕ್ಕ ಇಲ್ಲಿದೆ. ರಾಗ ಹಿಡಿದು ಪಾಶ್ಚಾತ್ಯ ವಾದ್ಯಗಳಿಗೆ ಬರೆಯುವ ಹುಚ್ಚು ಇನ್ನಾರಿಗಾದರೂ ಇದ್ದರೆ ಅವರಿಗೆ ಒಂದೆರಡು ಸಂಜೆಯ ಕೆಲಸ ಉಳಿದೀತು.

ಹಂಸಧ್ವನಿಯನ್ನು ಆರಿಸಿಕೊಂಡದ್ದು ಭಕ್ತಿಯಿಂದಲ್ಲ, ಲೆಕ್ಕಾಚಾರದಿಂದ. ಸ ರಿ ಗ ಪ ನಿ, ಐದೇ ಸ್ವರ. ಮಧ್ಯಮವೂ ಇಲ್ಲ, ಧೈವತವೂ ಇಲ್ಲ. ಆದರೂ ಈ ಐದರೊಳಗೇ ಮೂರು ಪೂರ್ತಿ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗುಂಪು) ಸಿಗುತ್ತವೆ: ಸ-ಗ-ಪ, ಪ-ನಿ-ರಿ, ಗ-ಪ-ನಿ. ಮೊದಲೆರಡು ಮೇಜರ್, ಮೂರನೆಯದು ಮೈನರ್. ಹೊರಗಿನ ಒಂದೇ ಒಂದು ಸ್ವರ ತರದೆ ಹಾರ್ಮನಿ ಕಟ್ಟಬಹುದು. ಇನ್ನೊಂದು ಸಂಬಂಧವೂ ನನಗೆ ಹಿಡಿಸಿತ್ತು. ಈ ರಾಗವನ್ನು ಕೊಟ್ಟವರು ಮುತ್ತುಸ್ವಾಮಿ ದೀಕ್ಷಿತರ ತಂದೆ ರಾಮಸ್ವಾಮಿ ದೀಕ್ಷಿತರು ಎನ್ನುತ್ತಾರೆ. ವಯಲಿನ್ನನ್ನು ಕರ್ನಾಟಕ ಸಂಗೀತಕ್ಕೆ ತಂದವರು ಅವರ ಇನ್ನೊಬ್ಬ ಮಗ ಬಾಲುಸ್ವಾಮಿ ದೀಕ್ಷಿತರು. ರಾಗವೂ ವಾದ್ಯವೂ ಒಂದೇ ಮನೆಯಿಂದ ಬಂದವು. ನಾನು ಮಾಡಿದ್ದು ವಾದ್ಯವನ್ನು ಮತ್ತೆ ಅದರ ತವರಿಗೆ ಕಳಿಸಿ, ಜೊತೆಗೆ ರಾಗವನ್ನೂ ಕಟ್ಟಿಕೊಟ್ಟದ್ದು.

ಬರೆದದ್ದು ಮ್ಯೂಸ್‌ಸ್ಕೋರ್‌ನಲ್ಲಿ. ಉಚಿತ, ಓಪನ್ ಸೋರ್ಸ್. 2022ರ ಕೊನೆಗೆ ಬಂದ ನಾಲ್ಕನೇ ಆವೃತ್ತಿಯಿಂದೀಚೆಗೆ ಅದರ ತಂತಿವಾದ್ಯಗಳ ಸದ್ದು ಎಷ್ಟು ಚೆನ್ನಾಗಿದೆಯೆಂದರೆ ಅದೇ ಒಂದು ತೊಂದರೆ. ಪ್ಲೇ ಒತ್ತಿದರೆ ಸಾಕು, ಬರೆದವನಿಗೆ ತಾನು ದೊಡ್ಡ ಮನುಷ್ಯ ಅನ್ನಿಸಿಬಿಡುತ್ತದೆ. ಆ ಚೆಲ್ಲೊಗೆ ಕೈ ನೋಯುವುದಿಲ್ಲ, ಕಮಾನು ಮುಗಿಯುವುದಿಲ್ಲ. ಆ ವಿಯೋಲಾ ವಯಲಿನ್ನಿನ ಅಡಿಯಲ್ಲಿ ಮುಚ್ಚಿಹೋಗುವುದಿಲ್ಲ. ನಾಲ್ವರೂ ಒಬ್ಬರ ಮುಖ ಒಬ್ಬರು ನೋಡದೆ ಸಮಕ್ಕೆ ಬಂದು ಬೀಳುತ್ತಾರೆ.

ಅಭಿಪ್ರಾಯ ಕೇಳುವ ವಿಧಾನ

'ಹೇಗಿದೆ?' ಅಂತ ಕೇಳಿದರೆ 'ತುಂಬಾ ಚೆನ್ನಾಗಿದೆ ಸರ್' ಅನ್ನುತ್ತಾರೆ. ಮನೆಗೆ ಬಂದವರು, ಕಾಫಿ ಕುಡಿದವರು ನಮ್ಮ ಕಡೆ ಬೇರೆ ಏನನ್ನೂ ಹೇಳುವುದಿಲ್ಲ. ಅದಕ್ಕೇ ಬಾಯಿಂದ ಕೇಳುವುದನ್ನು ಮೊದಲೇ ಕೈಬಿಟ್ಟೆ. ಪ್ರತಿ ಸ್ಟ್ಯಾಂಡಿನ ಮೇಲೆ ಒಂದೊಂದು 2ಬಿ ಪೆನ್ಸಿಲ್ ಇಟ್ಟೆ. 'ಎಲ್ಲಿ ತೊಡಕಾಯ್ತೋ ಅಲ್ಲೊಂದು ಗೀಟು ಎಳೀರಿ. ಕಾರಣ ಬರೆಯೋದು ಬೇಡ, ರಬ್ಬರ್ ಮುಟ್ಟಬೇಡಿ' ಅಂದೆ. ರಿಹರ್ಸಲ್ ಮುಗಿದ ಮೇಲೆ ನಾಲ್ಕೂ ಪಾರ್ಟ್ (ಒಬ್ಬೊಬ್ಬರ ಸ್ವರದ ಹಾಳೆ) ವಾಪಸ್ ತಗೊಂಡು, ಅವುಗಳ ಮೇಲಿದ್ದ ಎಲ್ಲ ಗುರುತನ್ನೂ ನಾಲ್ಕೂ ವಾದ್ಯದ್ದು ಒಟ್ಟಿಗಿರುವ ಒಂದೇ ಸ್ಕೋರಿನ ಮೇಲೆ ನಾಲ್ಕು ಬಣ್ಣದಲ್ಲಿ ನಕಲು ಮಾಡಿದೆ.

ಹಾಗೆ ಜೋಡಿಸಿದ ಹಾಳೆ ಬಾಯಿಮಾತಿಗಿಂತ ಹೆಚ್ಚು ಹೇಳುತ್ತದೆ. ಒಂದೇ ಬಾರ್‌ನಲ್ಲಿ (ತಾಳದ ಒಂದು ಖಾನೆಯಲ್ಲಿ) ಮೂರು ಬಣ್ಣ ಬಿದ್ದಿದ್ದರೆ ತಪ್ಪು ಬರವಣಿಗೆಯದು. ಒಂದೇ ಬಣ್ಣವಿದ್ದರೆ ಅದು ಆ ವಾದ್ಯದ್ದೋ ಆ ಕೈಯದ್ದೋ ಎಂದು ವಿಚಾರಿಸಬೇಕು. ವಾದಕರಿಗೆ ತಮ್ಮದೇ ಒಂದು ಗುರುತಿನ ಭಾಷೆಯಿದೆ. ಕಣ್ಣಿಟ್ಟು ನೋಡಬೇಕಾದ ಕಡೆ ಪುಟ್ಟದೊಂದು ಕನ್ನಡಕ ಬರೆಯುತ್ತಾರೆ. ಅಪ್ ಬೋಗೆ (ಕಮಾನು ಮೇಲಕ್ಕೆ) ಮೊನೆ ಕೆಳಗಿರುವ ಗುರುತು, ಡೌನ್ ಬೋಗೆ (ಕಮಾನು ಕೆಳಕ್ಕೆ) ಬಾಯಿ ಕೆಳಗಾದ ಚೌಕ, ಉಸಿರಿಗೆ ಅಲ್ಪವಿರಾಮ. ನನ್ನ ಎರಡನೇ ವಯಲಿನ್ ಪಾರ್ಟ್‌ನ ಎರಡನೇ ಪುಟದಲ್ಲಿ ಒಂದರ ಪಕ್ಕ ಒಂದು ಮೂರು ಕನ್ನಡಕ ಇದ್ದವು. ಅದನ್ನು ನುಡಿಸಿದ ಹುಡುಗ ಬಾಯಿಬಿಟ್ಟು ಹೇಳಿದ್ದು ಮಾತ್ರ 'ಸೂಪರ್ ಸರ್' ಅಂತ.

ಶ್ರುತಿಯ ರಿಪೇರಿ: ಡಿ ಇಂದ ಜಿಗೆ

ಇಡೀ ಕೆಲಸದಲ್ಲಿ ದೊಡ್ಡದು ಇದೇ, ಹಾಗಾಗಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಮೊದಲ ಕರಡಿನಲ್ಲಿ ಷಡ್ಜ ಡಿ, ಪಾಶ್ಚಾತ್ಯ ಹೆಸರಿನಲ್ಲಿ ಹೇಳುವುದಾದರೆ. ನಾನು ಹಾಡಿಕೊಳ್ಳುವ ಶ್ರುತಿ ಅದು, ಬರೆಯುವಾಗ ಗಂಟಲು ತಾನಾಗಿ ಅಲ್ಲಿಗೇ ಹೋಗಿ ಕೂತಿತ್ತು. ಡಿ, ಇ, ಎಫ್ ಶಾರ್ಪ್, ಎ, ಸಿ ಶಾರ್ಪ್. ವಯಲಿನ್ನಿಗೆ ಇದು ಹೇಳಿ ಮಾಡಿಸಿದ ಹಾಗಿದೆ. ಅದರ ನಾಲ್ಕು ತಂತಿ ಜಿ, ಡಿ, ಎ, ಇ. ಅದರಲ್ಲಿ ಮೂರು ರಾಗದೊಳಗೇ ಇವೆ. ಚೆಲ್ಲೊದ ಕಥೆ ಬೇರೆ. ಅದರ ತಂತಿಗಳು ಕೆಳಗಿನಿಂದ ಸಿ, ಜಿ, ಡಿ, ಎ. ಕೆಳಗಿನ ಎರಡು ತಂತಿಯೂ, ಬೆರಳಿಡದೆ (ಓಪನ್ ಆಗಿ) ನುಡಿಸಿದರೆ, ಡಿ ಷಡ್ಜದ ಹಂಸಧ್ವನಿಗೆ ಸೇರುವುದೇ ಇಲ್ಲ. ನಾನೋ ಆರಂಭದ ನಿಧಾನ ಭಾಗದ ಉದ್ದಕ್ಕೂ ಚೆಲ್ಲೊಗೆ ತಂಬೂರಿಯ ಕೆಲಸ ಕೊಟ್ಟಿದ್ದೆ: ಮಂದ್ರದಲ್ಲಿ ಡಿ ಮತ್ತು ಎ, ಸ-ಪ, ಒಟ್ಟೊಟ್ಟಿಗೆ.

ಅದನ್ನು ಹಿಡಿಯುವ ರೀತಿ ಹೀಗೆ. ಸಿ ತಂತಿಯ ಮೇಲೆ ಒಂದು ಸ್ವರ ಮೇಲಕ್ಕೆ ಡಿ, ಜಿ ತಂತಿಯ ಮೇಲೆ ಒಂದು ಸ್ವರ ಮೇಲಕ್ಕೆ ಎ. ಎರಡೂ ಒಂದೇ ನೇರದಲ್ಲಿ ಬರುತ್ತವೆ, ಹಾಗಾಗಿ ತೋರುಬೆರಳನ್ನು ಎರಡು ದಪ್ಪ ತಂತಿಗಳ ಮೇಲೆ ಅಡ್ಡ ಮಲಗಿಸಿ ಒತ್ತಬೇಕು. ಬೆರಳು ಕೂದಲೆಳೆಯಷ್ಟು ಓರೆಯಾದರೂ ಪಂಚಮ ಒಡೆಯುತ್ತದೆ. ಒಂದೆರಡು ಬಾರ್ ಆದರೆ ಯಾರಾದರೂ ಹಿಡಿಯುತ್ತಾರೆ. ನಾನು ಬರೆದಿದ್ದು ಪುಟದುದ್ದ.

ಚೆಲ್ಲೊ ನುಡಿಸಿದವರು ಬೇಜಾರು ಮಾಡಿಕೊಳ್ಳಲಿಲ್ಲ. ಒಂದು ಸಲ ನುಡಿಸಿ, ಕಮಾನು ಕೆಳಗಿಟ್ಟು, ಎಡಗೈ ಕೊಡವಿದರು. 'ಸರ್, ತಂಬೂರಿ ಅಂದ್ರೆ ಮೀಟಿದ ಮೇಲೆ ತಾನೇ ಮೊಳಗೋದು ಅಲ್ವಾ? ಇಲ್ಲಿ ನನ್ನ ಬೆರಳೇ ತಂಬೂರಿ ಆಗ್ಬಿಟ್ಟಿದೆ. ಓಪನ್ ಸ್ಟ್ರಿಂಗ್ ಕೊಡಿ, ನಿಮಗೆ ಬೇಕಾದ ಸೌಂಡ್ ತಾನೇ ಬರುತ್ತೆ.' ಅವರ ಪಾರ್ಟ್‌ನಲ್ಲಿ ಆ ಪುಟದ ಅಂಚಿಗೆ ಮೇಲಿಂದ ಕೆಳಗಿನವರೆಗೆ ಒಂದೇ ಉದ್ದ ಗೀಟು ಇತ್ತು.

ಇದು ಹೀಗಾದದ್ದಕ್ಕೆ ಒಂದು ಕಾರಣವಿದೆ, ಕರ್ನಾಟಕ ಸಂಗೀತದ ಕಡೆಯಿಂದ ಬರುವ ಎಲ್ಲರಿಗೂ ಅದು ಎದುರಾಗುತ್ತದೆ. ನಮ್ಮ ಪಿಟೀಲಿನಲ್ಲಿ ಸ-ಪ-ಸ-ಪ ಶ್ರುತಿ. ಹಾಡುವವರ ಷಡ್ಜ ಎಲ್ಲಿದೆಯೋ ಅಲ್ಲಿಗೆ ಬಿರಡೆ ತಿರುಗಿಸಿ ನಾಲ್ಕೂ ತಂತಿ ತಂದು ಕೂರಿಸುತ್ತಾರೆ. ನಮ್ಮಲ್ಲಿ ಶ್ರುತಿ ಇದ್ದಲ್ಲಿಗೆ ತಂತಿ ಬರುತ್ತದೆ. ಕ್ವಾರ್ಟೆಟ್‌ನಲ್ಲಿ ತಂತಿ ಇದ್ದಲ್ಲಿಗೆ ಶ್ರುತಿ ಹೋಗಬೇಕು.

ತಂತಿಯನ್ನೇ ಬದಲಿಸಿದರೇನು ಅನ್ನುವ ಯೋಚನೆಯೂ ಬಂತು. ಪಶ್ಚಿಮದಲ್ಲಿ ಅದಕ್ಕೆ ಹಳೆಯ ರೂಢಿಯಿದೆ, ಸ್ಕೋರ್ಡಟೂರ ಅನ್ನುತ್ತಾರೆ. ಜರ್ಮನಿಯ ಸಂಗೀತ ರಚನಕಾರ ಶೂಮನ್ ತನ್ನ 1842ರ ಪಿಯಾನೊ ಕ್ವಾರ್ಟೆಟ್‌ನ ನಿಧಾನ ಭಾಗದಲ್ಲಿ ಚೆಲ್ಲೊದ ಸಿ ತಂತಿಯನ್ನು ಬಿ ಫ್ಲ್ಯಾಟ್‌ಗೆ ಇಳಿಸಿಕೊಳ್ಳಲು ಹೇಳುತ್ತಾನೆ. ಆದರೆ ಅದು ಇಳಿಸುವುದು. ನನಗೆ ಬೇಕಾದದ್ದು ಸಿಯನ್ನು ಡಿಗೆ ಏರಿಸುವುದು. ಆ ದಪ್ಪ ತಂತಿಯ ಬಿಗಿ ಅಷ್ಟು ಹೆಚ್ಚಿಸಿ ಅಂತ ಹೇಳಿದಾಗ ಚೆಲ್ಲೊದವರ ಮುಖ ಹೇಗಾಯಿತೆಂದರೆ ಮಾತು ಮುಂದುವರಿಸಲಿಲ್ಲ.

ಉಳಿದದ್ದು ಷಡ್ಜ ಬದಲಿಸುವುದು. ಸಿ ಇಟ್ಟರೆ ಚೆಲ್ಲೊ ಮತ್ತು ವಿಯೋಲಾ ಎರಡರಲ್ಲೂ ಕೆಳಗಿನ ಎರಡು ತಂತಿ ತಾನಾಗಿ ಸ-ಪ. ಪ್ರಯತ್ನಿಸಿದೆವು, ಸದ್ದು ತುಂಬ ಕೆಳಗೆ ಹೋಗಿ ಮಂಕಾಯಿತು, ಮೇಲಿನ ಮೆಲೊಡಿ ಅದರಿಂದ ಬೇರೆಯಾಗಿ ನಿಂತಿತು. ಜಿ ಇಟ್ಟರೆ ರಾಗ ಜಿ, ಎ, ಬಿ, ಡಿ, ಎಫ್ ಶಾರ್ಪ್. ಚೆಲ್ಲೊದ ಜಿ ಮತ್ತು ಡಿ ಪಕ್ಕಪಕ್ಕದ ಓಪನ್ ಸ್ಟ್ರಿಂಗ್‌ಗಳು, ಅವೇ ಸ-ಪ. ಎಡಗೈಗೆ ಪೂರ್ತಿ ರಜೆ. ಮೊದಲ ಸಲ ಜಿಯಲ್ಲಿ ನುಡಿಸಿದಾಗ ಕಮಾನು ಎತ್ತಿದ ಮೇಲೂ ತಂತಿ ಮೊಳಗುತ್ತಿತ್ತು, ವಿಯೋಲಾದ ಜಿ, ಡಿ ತಂತಿಗಳು ಯಾರೂ ಮುಟ್ಟದೆ ಸಣ್ಣಗೆ ದನಿಗೂಡಿಸಿದವು. ಪ್ಲೇಬ್ಯಾಕ್‌ನಲ್ಲಿ ಡಿಗೂ ಜಿಗೂ ಹೆಚ್ಚಿನ ವ್ಯತ್ಯಾಸವೇ ಇರಲಿಲ್ಲ.

ಶ್ರುತಿ ಬದಲಿಸಿದ್ದರಿಂದ ಇನ್ನೊಂದು ಬಾಗಿಲು ತೆರೆಯಿತು. ಮೊದಲ ಕರಡನ್ನು ಕೇಳಿದ ಮೇಷ್ಟ್ರೊಬ್ಬರು, ಪಿಟೀಲು ಕಲಿಸುವವರು, ಒಂದೇ ಮಾತು ಹೇಳಿದ್ದರು: 'ಚೆನ್ನಾಗಿದೆಯಪ್ಪಾ, ಆದ್ರೆ ಮನೆ ಬಿಟ್ಟು ಎಲ್ಲೂ ಹೋಗ್ಲೇ ಇಲ್ವಲ್ಲ.' ನಿಜ. ಮಧ್ಯಮ ಇಲ್ಲದ ಕಾರಣ ಅದರ ಮೇಲೆ ನಿಲ್ಲುವ ಸಬ್‌ಡಾಮಿನಂಟ್ ಕಾರ್ಡ್ ಕಟ್ಟಲು ಬರುವುದಿಲ್ಲ. ಹಾರ್ಮನಿ ಸ-ಗ-ಪ, ಪ-ನಿ-ರಿ ಎಂದು ಹೊಸಲಿನ ಆಚೆ ಈಚೆ ಮಾಡುತ್ತಾ ಇರುತ್ತದೆ. ಎರಡು ನಿಮಿಷ ಕಳೆದರೆ ಕಿವಿಗೆ ಸಾಕಾಗುತ್ತದೆ. ಹೊರಗಿನ ಸ್ವರ ತರುವುದಿಲ್ಲ ಅಂತ ಹಟ ಬೇರೆ.

ದಾರಿ ತೋರಿಸಿದ್ದು ಗ್ರಹಭೇದ. ಹಂಸಧ್ವನಿಯ ಪಂಚಮವನ್ನು ಷಡ್ಜ ಮಾಡಿಕೊಂಡರೆ ಅದೇ ಐದು ಸ್ವರಗಳು ಸ ಗ ಮ ಪ ಧ ಆಗುತ್ತವೆ, ಅಂದರೆ ನಾಗಸ್ವರಾವಳಿ. ಒಂದು ಸ್ವರವೂ ಬದಲಾಗದೆ ನೆಲ ಮಾತ್ರ ಸರಿಯುತ್ತದೆ. ಅದಕ್ಕೆ ಆಧಾರಶ್ರುತಿ ಜಿ-ಡಿ ಬಿಟ್ಟು ಡಿ-ಎ ಆಗಬೇಕು. ಚೆಲ್ಲೊದ ಮೇಲಿನ ಎರಡು ತಂತಿ ಅವೇ, ಡಿ ಮತ್ತು ಎ, ಓಪನ್! ವಾದಕರು ಕಮಾನನ್ನು ಒಂದು ತಂತಿ ಪಕ್ಕಕ್ಕೆ ವಾಲಿಸಿದರೆ ಮುಗಿಯಿತು, ರಾಗ ಬದಲಾಯಿತು. ಡಿ ಷಡ್ಜದಲ್ಲೇ ಉಳಿದಿದ್ದರೆ ಇಲ್ಲಿ ಎ-ಇ ಬೇಕಾಗುತ್ತಿತ್ತು, ಮತ್ತೆ ಆ ಅಡ್ಡ ಬೆರಳು. ಹೊಸದಾಗಿ ಬರೆದ ಈ ಮಧ್ಯಭಾಗವೇ ಈಗ ಇಡೀ ಕೃತಿಯಲ್ಲಿ ನನಗೆ ಹೆಚ್ಚು ಇಷ್ಟ. ಒಬ್ಬರ ಕೈನೋವು, ಇನ್ನೊಬ್ಬರ ಬೇಸರ, ಎರಡಕ್ಕೂ ಔಷಧ ಒಂದೇ ಶೀಸೆಯಲ್ಲಿತ್ತು.

ವಿಯೋಲಾದವರ ದೂರು

ಷಡ್ಜ ಡಿ ಇಂದ ಜಿಗೆ ಹೋದಾಗ ಆರಂಭದ ರಾಗ (ಇಲ್ಲಿ ಮೆಲೊಡಿ ಎಂಬ ಅರ್ಥದಲ್ಲಿ) ನಾಲ್ಕು ಸ್ವರ ಮೇಲೆ ಏರಬೇಕು ಇಲ್ಲವೇ ಐದು ಸ್ವರ ಕೆಳಗೆ ಇಳಿಯಬೇಕು. ಏರಿಸಿದರೆ ಮೊದಲ ವಯಲಿನ್ ಶುರುವಿನಲ್ಲೇ ತಾರಕ್ಕೆ ಹೋಗಿ ಕಿರುಚುತ್ತದೆ. ಇಳಿಸಿದರೆ ರಾಗ ಮಧ್ಯದ ಡಿ ಇಂದ ಮೇಲಿನ ಡಿವರೆಗೆ ಬರುತ್ತದೆ. ಅದು ಸರಿಯಾಗಿ ವಿಯೋಲಾದ ಮೇಲಿನ ಎರಡು ತಂತಿಗಳ ಜಾಗ, ಕೈ ಮೊದಲ ಪೊಸಿಷನ್ ಬಿಟ್ಟು ಕದಲಬೇಕಾಗಿಯೂ ಇಲ್ಲ.

ವಿಯೋಲಾ ನುಡಿಸುವ ಮೇಡಂ ಮೊದಲ ರಿಹರ್ಸಲ್ಲಿನಲ್ಲೇ ಕೇಳಿದ್ದರು, 'ನನ್ನ ಪಾರ್ಟಲ್ಲಿ ರಾಗ ಎಲ್ಲಿದೆ?' ಅವರಿಗೆ ನಾನು ಕೊಟ್ಟಿದ್ದು ಪುಟಗಟ್ಟಲೆ ತೂಗಾಟ, ಎರಡು ಸ್ವರದ ನಡುವೆ. ಅವರ ಹಾಳೆಯಲ್ಲಿ ಗುರುತೇ ಇರಲಿಲ್ಲ. ಗುರುತಿಲ್ಲದ ಪಾರ್ಟ್ ಅಂದರೆ ಎಲ್ಲ ಸರಿಯಿದೆ ಅಂತಲ್ಲ, ಗುರುತು ಹಾಕುವಂಥದ್ದೇ ಏನೂ ಇಲ್ಲ ಅಂತ. ಈಗ ಕೃತಿ ಶುರುವಾಗುವುದೇ ವಿಯೋಲಾದಿಂದ. 1784ರಲ್ಲಿ ವಿಯೆನ್ನಾದ ಒಂದು ಮನೆಕೂಟದಲ್ಲಿ ಕ್ವಾರ್ಟೆಟ್ ನುಡಿಸಲು ಕೂತಾಗ ಮೊದಲ ವಯಲಿನ್ ಹೈಡನ್, ಎರಡನೆಯದು ಡಿಟ್ಟರ್ಸ್‌ಡಾರ್ಫ್, ಚೆಲ್ಲೊ ವಾನ್ಹಾಲ್, ವಿಯೋಲಾ ಮೊಜಾರ್ಟ್. ನಾಲ್ವರೂ ಸಂಗೀತ ರಚನಕಾರರೇ. ಮಧ್ಯದಲ್ಲಿ ಕೂತರೆ ನಾಲ್ಕೂ ಕಡೆಯದು ಕೇಳುತ್ತದೆ. ಕ್ವಾರ್ಟೆಟ್ ಬರೆಯುವವರೆಲ್ಲ ತಮ್ಮ ಕೃತಿಯನ್ನು ಒಮ್ಮೆ ವಿಯೋಲಾದವರ ಕುರ್ಚಿಯ ಹಿಂದೆ ನಿಂತು ಕೇಳಬೇಕು. ನಾನು ಎರಡನೇ ರಿಹರ್ಸಲ್ಲಿನಲ್ಲಿ ಅಲ್ಲೇ ನಿಂತೆ.

ಅಲ್ಲಿ ನಿಂತಾಗಲೇ ತಿಳಿದದ್ದು, ವಿಯೋಲಾ ರಾಗ ನುಡಿಸುವಾಗ ಎರಡನೇ ವಯಲಿನ್ ಅದೇ ಸ್ಥಾಯಿಯಲ್ಲಿ ಉದ್ದ ಸ್ವರ ಎಳೆಯುತ್ತಿದೆ. ಪ್ಲೇಬ್ಯಾಕ್ ಎರಡನ್ನೂ ಬಿಡಿಬಿಡಿಯಾಗಿ ಕೇಳಿಸುತ್ತಿತ್ತು. ಕೋಣೆಯಲ್ಲಿ ಒಂದು ಇನ್ನೊಂದನ್ನು ತಿಂದುಹಾಕುತ್ತಿತ್ತು. ಎರಡನೇ ವಯಲಿನ್ನಿನ ಉದ್ದ ಸ್ವರ ತೆಗೆದು, ರಾಗ ಉಸಿರು ತೆಗೆದುಕೊಳ್ಳುವ ಕಡೆ ಮಾತ್ರ ಒಂದೊಂದು ಪಿಜ್ಜಿಕಾಟೊ (ಬೆರಳಿಂದ ಮೀಟುವ ಸ್ವರ) ಇಟ್ಟೆ. ಸ್ಕೋರ್ ತೆಳುವಾಯಿತು, ಸದ್ದು ತುಂಬಿತು.

ಗಮಕ ಬರೆಯುವುದು

ನಾಲ್ವರಲ್ಲಿ ಮೊದಲ ವಯಲಿನ್‌ನವರು ಎರಡೂ ಪದ್ಧತಿ ಕಲಿತವರು, ಉಳಿದ ಮೂವರಿಗೆ ಕರ್ನಾಟಕ ಸಂಗೀತ ಕೇಳಿ ಗೊತ್ತು, ನುಡಿಸಿ ಗೊತ್ತಿಲ್ಲ. ನಿಷಾದ ಷಡ್ಜವನ್ನು ಮುಟ್ಟಿ ಮುಟ್ಟಿ ಬರಬೇಕಾದ ಕಡೆ ಸ್ವರದ ತಲೆಯ ಮೇಲೆ ಅಲೆಗೆರೆ ಹಾಕಿದ್ದೆ. ಎರಡನೇ ವಯಲಿನ್ ಹುಡುಗ ಅದನ್ನು ಟ್ರಿಲ್ (ಎರಡು ಸ್ವರ ಬೇಗಬೇಗ ಅದಲುಬದಲು) ಅಂದುಕೊಂಡು ಗಿರಗಿರ ನುಡಿಸಿದ. ಅಲೆಗೆರೆ ತೆಗೆದು ಜಾರುಗೆರೆ ಹಾಕಿದರೆ ಆಂಬುಲೆನ್ಸ್ ಬಂದ ಹಾಗಾಯಿತು.

ಇದು ಬರೀ ತಿಳಿವಳಿಕೆಯ ಪ್ರಶ್ನೆಯಲ್ಲ, ಕೂರುವ ರೀತಿಯದೂ ಹೌದು. ನಮ್ಮ ಪಿಟೀಲಿನವರು ನೆಲದ ಮೇಲೆ ಕೂತು ವಾದ್ಯದ ತಲೆಯನ್ನು ಪಾದದ ಮೇಲೆ ಊರಿರುತ್ತಾರೆ, ಎಡಗೈಗೆ ವಾದ್ಯ ಹೊರುವ ಕೆಲಸ ಇಲ್ಲ, ತಂತಿಯುದ್ದಕ್ಕೂ ಓಡಾಡಬಹುದು. ಕುರ್ಚಿಯಲ್ಲಿ ಕೂತು ಗದ್ದದಡಿ ಹಿಡಿದವರ ಕೈ ಒಂದು ಪೊಸಿಷನ್‌ನಲ್ಲಿ ನೆಲೆ ನಿಂತು ಬೆರಳು ಬದಲಿಸಲು ಪಳಗಿರುತ್ತದೆ. ಅವರಿಗೆ ಅಲೆಗೆರೆ ತೋರಿಸಿದರೆ ಬೆರಳು ಬಡಿಯುತ್ತಾರೆ, ಕೈ ಜಾರಿಸುವುದಿಲ್ಲ.

ಕೊನೆಗೆ ಕೆಲಸ ಮಾಡಿದ್ದು ಬೆರಳ ಸಂಖ್ಯೆ. ಗಮಕವನ್ನು ಸಣ್ಣ ಸ್ವರಗಳಲ್ಲಿ ಬಿಡಿಸಿ ಬರೆದು, ನಿ-ಸ-ನಿ-ಸ ಅಷ್ಟಕ್ಕೂ ಮೇಲೆ 2-2-2-2 ಅಂತ ಹಾಕಿದೆ. ಒಂದೇ ಬೆರಳು ಅಂದಮೇಲೆ ಜಾರದೆ ಗತಿಯಿಲ್ಲ. ಸಣ್ಣ ಸ್ವರಗಳ ಬೆಲೆಯನ್ನೂ ಸಮವಾಗಿ ಇಡಲಿಲ್ಲ. ಷಡ್ಜದ ಮೇಲೆ ಚುಟುಕು, ನಿಷಾದದ ಮೇಲೆ ಕೊಂಚ ನಿಲುಗಡೆ. ಹುಡುಗ ಅದನ್ನು ನಿಧಾನಕ್ಕೆ ಓದಿ ನುಡಿಸಿದಾಗ ಮೊದಲ ವಯಲಿನ್ ಮೇಡಂ 'ಹಾಂ, ಈಗ ಬಂತು ನೋಡಿ' ಅಂದರು. ಅವರಿಗೆ ಮಾತ್ರ ಇಷ್ಟೆಲ್ಲ ಬಿಡಿಸಿ ಬರೆದದ್ದು ಕಿರಿಕಿರಿ. ಅವರ ಪಾರ್ಟ್‌ನಲ್ಲಿ ಬರೀ ಸ್ವರ ಇಟ್ಟು, ತಲೆಬರಹದಲ್ಲಿ ರಾಗದ ಹೆಸರು ಬರೆದೆ. ಒಂದೇ ಕೃತಿಯ ಎರಡು ವಯಲಿನ್ ಪಾರ್ಟ್ ಎರಡು ರೀತಿ ಇರುವುದು ಪ್ರಕಾಶಕರು ಒಪ್ಪುವ ಪದ್ಧತಿಯಲ್ಲ. ಇದನ್ನು ಪ್ರಕಟಿಸುವ ಪ್ರಕಾಶಕರೂ ಯಾರಿಲ್ಲ, ಹಾಗಾಗಿ ನಡೆಯುತ್ತದೆ.

ಗಾಂಧಾರದ ವಿಷಯ ಒಂದಿಷ್ಟು. ಜಿ ಶ್ರುತಿ ಮೊಳಗುತ್ತಿರುವಾಗ ಬಿ ಸ್ವರ ಕೀಬೋರ್ಡಿನಲ್ಲಿರುವ ಜಾಗದಲ್ಲಿ ನಿಂತರೆ ಸ್ವಲ್ಪ ಚುಚ್ಚುತ್ತದೆ. ಕೀಬೋರ್ಡಿನ ಗಾಂಧಾರ ಷಡ್ಜದಿಂದ 400 ಸೆಂಟ್ (ಸ್ವರಗಳ ಅಂತರ ಅಳೆಯುವ ಮಾನ) ದೂರ, ಶ್ರುತಿಗೆ ಸೇರುವ ಗಾಂಧಾರ 386ರ ಆಸುಪಾಸು. ಪಿಯಾನೊ ಇಲ್ಲದ ಕಾರಣ ನಾಲ್ವರೂ ಇಳಿಸಬಹುದು, ಹೇಳದೆಯೇ ಇಳಿಸಿದರು. ಇಲ್ಲಿ ನನ್ನ ಕೆಲಸ ಏನೂ ಇರಲಿಲ್ಲ.

ಕಮಾನು, ಬಾರ್ ಗೆರೆ, ತಕಿಟ ತಕದಿಮಿ

ನಿಧಾನ ಭಾಗದ ವೇಗ ನಿಮಿಷಕ್ಕೆ 54 ಬೀಟ್. ನಾಲ್ಕು ಬೀಟಿನ ನಾಲ್ಕು ಬಾರ್ ಉದ್ದಕ್ಕೆ ಒಂದೇ ಸ್ವರ ಕಟ್ಟಿದರೆ ಹೆಚ್ಚು ಕಡಿಮೆ 18 ಸೆಕೆಂಡ್. ಎರಡು ತಂತಿಯ ಮೇಲೆ ದನಿ ತುಂಬಿ ಎಳೆಯುವಾಗ ಒಂದು ಕಮಾನು ಅಷ್ಟು ಹೊತ್ತು ಬಾಳುವುದಿಲ್ಲ. ಚೆಲ್ಲೊದವರು ಪ್ರತಿ ಬಾರ್ ಗೆರೆಯ ಮೇಲೆ ಕಮಾನು ತಿರುಗಿಸುತ್ತಿದ್ದರು, ಅದು ಸಹಜ. ಆದರೆ ಕೇಳುವವರಿಗೆ ತಾಳದ ಪೆಟ್ಟು ಬಿದ್ದ ಹಾಗೆ ಆಗುತ್ತಿತ್ತು. ಕಟ್ಟುಗೆರೆಗಳನ್ನು ತೆಗೆದು ಒಂದು ಸಾಲು ಬರೆದೆ: 'ಕಮಾನು ನಿಮ್ಮಿಷ್ಟ, ಬಾರ್ ಗೆರೆಯ ಮೇಲೆ ಮಾತ್ರ ಬೇಡ.' ಸರಿಹೋಯಿತು.

ವೇಗದ ಭಾಗ ಮಿಶ್ರಛಾಪು, ಏಳು ಅಕ್ಷರದ ತಾಳ, 7/8. ಇಲ್ಲೇ ಆ ಮೂರು ಕನ್ನಡಕಗಳು ಇದ್ದದ್ದು. ಸಾಫ್ಟ್‌ವೇರ್ ತನಗೆ ತೋಚಿದ ಹಾಗೆ ಬೀಮ್ (ಸ್ವರಗಳನ್ನು ಗುಂಪು ಮಾಡುವ ಗೆರೆ) ಕಟ್ಟಿತ್ತು, ನನಗೆ ಬೇಕಿದ್ದದ್ದು 3+4. ಕಣ್ಣು ಒಂದು ಗುಂಪು ನೋಡುತ್ತದೆ, ಕಿವಿ ಇನ್ನೊಂದು ಕೇಳುತ್ತದೆ, ಹುಡುಗ ಒಂದರಿಂದ ಏಳರವರೆಗೆ ಎಣಿಸುತ್ತಾ ಬೆವರುತ್ತಿದ್ದ. ಮೊದಲ ವಯಲಿನ್ ಮೇಡಂ ವಾದ್ಯ ಮಡಿಲಲ್ಲಿಟ್ಟು ತೊಡೆ ತಟ್ಟಿ 'ತಕಿಟ ತಕದಿಮಿ' ಶುರು ಮಾಡಿದರು. ಎಲ್ಲರೂ ಬಾಯಿಯಲ್ಲಿ ಹೇಳಿ, ಆಮೇಲೆ ನುಡಿಸಿದರು. ಎಣಿಕೆ ನಿಂತುಹೋಯಿತು. ಪಕ್ಕದ ಮನೆಯ ಕುಕ್ಕರ್ ಅದೇ ಹೊತ್ತಿಗೆ ಮೂರು ವಿಸಿಲ್ ಹೊಡೆದದ್ದು ರೆಕಾರ್ಡಿಂಗಿನಲ್ಲಿ ಸ್ಪಷ್ಟವಾಗಿದೆ, ಎರಡನೆಯದು ಸಮದ ಮೇಲೇ ಬಿದ್ದಿದೆ.

ಬೀಮ್‌ಗಳನ್ನೆಲ್ಲ 3+4 ಆಗಿ ಮರುಕಟ್ಟಿದೆ. ಬೇಸರದ ಕೆಲಸ, ಇನ್ನೇನೂ ಹೇಳಲಿಕ್ಕಿಲ್ಲ.

ಕೊನೆಯ ಮುಕ್ತಾಯವನ್ನು ಮಾತ್ರ ಮುಟ್ಟಲಿಲ್ಲ. ಅದರ ಲೆಕ್ಕ: ಎಂಟು ಅಕ್ಷರದ ಒಂದು ಪಲುಕು ಮೂರು ಸಲ, ನಡುವೆ ಎರಡೆರಡು ಅಕ್ಷರ ಮೌನ. 8+2+8+2+8, ಒಟ್ಟು 28, ಮಿಶ್ರಛಾಪುವಿನ ನಾಲ್ಕು ಆವರ್ತಕ್ಕೆ ಸರಿಯಾಗಿ ಸಮ. ಪಾಶ್ಚಾತ್ಯ ಸಂಗೀತ ಕೇಳುವ ಗೆಳೆಯರೊಬ್ಬರು 'ಇದ್ದಕ್ಕಿದ್ದಂತೆ ನಿಂತುಹೋಯ್ತಲ್ಲ, ತಯಾರಿನೇ ಇಲ್ಲ' ಅಂದರು. ಮೇಷ್ಟ್ರು 'ಎರಡನೇ ಸಲಕ್ಕೇ ಗೊತ್ತಾಗ್ಬಿಡುತ್ತೆ ಎಲ್ಲಿ ಬೀಳುತ್ತೆ ಅಂತ' ಅಂದರು. ಒಬ್ಬರಿಗೆ ಅನಿರೀಕ್ಷಿತ, ಇನ್ನೊಬ್ಬರಿಗೆ ತೀರ ನಿರೀಕ್ಷಿತ. ಯಾರ ಮಾತು ಕೇಳಿದರೂ ಇನ್ನೊಬ್ಬರ ಮಾತು ಇನ್ನಷ್ಟು ನಿಜವಾಗುತ್ತದೆ. ಪಾರ್ಟ್‌ಗಳಲ್ಲಿ ನೋಡಿದೆ, ಆ ನಾಲ್ಕು ಆವರ್ತದಲ್ಲಿ ಯಾರದೂ ತೊಡಕಿನ ಗೀಟಿಲ್ಲ, ಬರೀ ಪಲುಕು ಶುರುವಾಗುವ ಸ್ವರದ ಮೇಲೆ ಎಲ್ಲರೂ ಒಂದೊಂದು ಒತ್ತು ಹಾಕಿಕೊಂಡಿದ್ದರು. ಆ ಒತ್ತುಗಳನ್ನು ಅಚ್ಚಿನಲ್ಲಿ ಸೇರಿಸಿ, ಮಿಕ್ಕದ್ದು ಹಾಗೇ ಬಿಟ್ಟೆ.

ಹಾಳೆಯ ಕೆಲಸ

ಇದನ್ನು ಸಣ್ಣದು ಅಂದುಕೊಳ್ಳುವವರೇ ಹೆಚ್ಚು, ಆದರೆ ಬಿದ್ದ ಗೀಟುಗಳಲ್ಲಿ ಒಂದು ಪಾಲು ಸಂಗೀತಕ್ಕೆ ಸಂಬಂಧಪಟ್ಟದ್ದೇ ಅಲ್ಲ. ಜೆರಾಕ್ಸ್ ಅಂಗಡಿಯಲ್ಲಿ 'ಫಿಟ್ ಟು ಪೇಜ್' ಹಾಕಿ ಹೊಡೆದುಕೊಟ್ಟರೆ ಐದು ಗೆರೆ ಕುಗ್ಗಿ ಇರುವೆ ಸಾಲಾಗುತ್ತದೆ. ಈಗ ಗೆರೆಗಳ ಎತ್ತರ 7 ಮಿಲಿಮೀಟರ್ ಇಟ್ಟು, 'ಆಕ್ಚುವಲ್ ಸೈಜ್' ಅಂತ ನಿಂತು ಹೇಳಿ ಮಾಡಿಸುತ್ತೇನೆ. 75 ಜಿಎಸ್‌ಎಂ ಹಾಳೆಯಲ್ಲಿ ಹಿಂದಿನ ಪುಟ ಮುಂದಕ್ಕೆ ಕಾಣುತ್ತದೆ, ಫ್ಯಾನ್ ಹಾಕಿದರೆ ಹಾರುತ್ತದೆ. 100 ಜಿಎಸ್‌ಎಂ ತಗೊಳ್ಳಿ. ಪುಟ ತಿರುಗಿಸುವ ಜಾಗದಲ್ಲಿ ವಾದಕರಿಗೆ ಒಂದು ಕೈಯಾದರೂ ಬಿಡುವಿರಬೇಕು. ಚೆಲ್ಲೊದವರಿಗೆ ಬಿಡುವು ಕೊಡಲು ಒಂದು ಪುಟದ ಕೆಳಗಿನ ಕಾಲು ಭಾಗ ಖಾಲಿ ಬಿಟ್ಟಿದ್ದೇನೆ, ಕಾಗದ ವೇಸ್ಟ್ ಅಂತ ಅಂಗಡಿಯವರು ಗೊಣಗಿದರು. ರಿಹರ್ಸಲ್ ಗುರುತಿಗೆ ಇಂಗ್ಲಿಷ್ ಅಕ್ಷರ ಬಿಟ್ಟು ಬಾರ್ ಸಂಖ್ಯೆ ಹಾಕಿದೆ. 'ಎ ಇಂದ ತಗೊಳ್ಳೋಣ' ಅಂದಾಗಲೆಲ್ಲ ಯಾರಾದರೊಬ್ಬರು ಎ ತಂತಿ ಶ್ರುತಿ ಮಾಡಲು ಶುರು ಮಾಡುತ್ತಿದ್ದರು.

ಹಳೆಯ ಪಾರ್ಟ್‌ಗಳನ್ನು ಕೈಯಿಂದ ವಾಪಸ್ ಪಡೆಯಬಹುದು, ವಾಟ್ಸ್‌ಆ್ಯಪ್‌ನಲ್ಲಿ ಹೋದ ಪಿಡಿಎಫ್ ಪಡೆಯಲಾಗುವುದಿಲ್ಲ. ಜಿ ಶ್ರುತಿಯ ರಿಹರ್ಸಲ್ಲಿಗೆ ಒಬ್ಬರು ಡಿ ಶ್ರುತಿಯ ಪಾರ್ಟ್ ತಂದಿದ್ದರು, ಮೊದಲ ಕಾರ್ಡ್ ಹೇಗೆ ಕೇಳಿಸಿತು ಅಂತ ಊಹಿಸಿಕೊಳ್ಳಿ. ಈ ತಾಪತ್ರಯ ಹೊಸದಲ್ಲ. ಬೀಥೋವನ್ 1799ರಲ್ಲಿ ಓಪಸ್ (ಕೃತಿಸಂಖ್ಯೆ) 18ರ ಮೊದಲ ಕ್ವಾರ್ಟೆಟ್‌ನ ಪ್ರತಿಯನ್ನು ಗೆಳೆಯ ಕಾರ್ಲ್ ಅಮೆಂಡನಿಗೆ ಕೊಟ್ಟಿದ್ದ. 1801ರಲ್ಲಿ ಅವನಿಗೆ ಕಾಗದ ಬರೆದು, ಆ ಪ್ರತಿಯನ್ನು ಯಾರಿಗೂ ಕೊಡಬೇಡ, ತುಂಬಾ ಬದಲಿಸಿದ್ದೇನೆ, ಕ್ವಾರ್ಟೆಟ್ ಸರಿಯಾಗಿ ಬರೆಯುವುದು ಈಗಷ್ಟೇ ಗೊತ್ತಾಗಿದೆ ಎಂದ. ಅಮೆಂಡ ಕೊಟ್ಟ ಪ್ರತಿಯನ್ನು ಜೋಪಾನವಾಗಿ ಇಟ್ಟುಕೊಂಡ. ಇವತ್ತು ಎರಡು ರೂಪವನ್ನೂ ಪಕ್ಕದಲ್ಲಿಟ್ಟು ನೋಡಬಹುದು, ಯಾವ ಪಾಠಪುಸ್ತಕಕ್ಕಿಂತಲೂ ಅದು ಒಳ್ಳೆಯ ಪಾಠ. ಬ್ರಾಮ್ಸ್ ಅಷ್ಟು ಉದಾರಿಯಲ್ಲ. 1862ರಲ್ಲಿ ಎರಡು ಚೆಲ್ಲೊ ಇರುವ ತಂತಿ ಕ್ವಿಂಟೆಟ್ ಬರೆದು ಪಿಯಾನೊ ವಾದಕಿ ಕ್ಲಾರಾ ಶೂಮನ್‌ಗೂ ವಯಲಿನ್ ವಾದಕ ಯೋಆಖಿಮ್‌ಗೂ ತೋರಿಸಿದ. ತಂತಿಗಳಿಂದ ಆ ಕಸುವು ಬರುತ್ತಿಲ್ಲ ಎಂಬ ಮಾತು ಬಂದ ಮೇಲೆ ಅದನ್ನೇ ಎರಡು ಪಿಯಾನೊಗೆ ತಿರುಗಿಸಿದ. ಕ್ಲಾರಾ ಇನ್ನೊಮ್ಮೆ ತಿದ್ದಲು ಹೇಳಿದಳು. ಹಾಗೆ ಆದದ್ದು ಇವತ್ತು ಎಲ್ಲರೂ ನುಡಿಸುವ ಓಪಸ್ 34ರ ಪಿಯಾನೊ ಕ್ವಿಂಟೆಟ್. ತಂತಿಗಳ ಮೊದಲ ರೂಪವನ್ನು ಅವನು ಉಳಿಸಲೇ ಇಲ್ಲ.

ನಾನು ಅಮೆಂಡನ ಪಕ್ಷ. ಹಳೆಯದನ್ನು ಅಳಿಸದೆ, ಪ್ರತಿ ಪುಟದ ಕೆಳಗೆ ದಿನಾಂಕವನ್ನೂ ಷಡ್ಜವನ್ನೂ ದಪ್ಪ ಅಕ್ಷರದಲ್ಲಿ ಹಾಕುತ್ತಿದ್ದೇನೆ.

ಸದ್ಯದ ಸ್ಥಿತಿ

ಕೆಲಸ ಬಾಕಿಯಿರುವುದು ಎರಡು ಕಡೆ. ನಾಗಸ್ವರಾವಳಿಯಿಂದ ಹಂಸಧ್ವನಿಗೆ ಮರಳುವ ಜಾಗದಲ್ಲಿ ಚೆಲ್ಲೊ ಡಿ-ಎ ಬಿಟ್ಟು ಜಿ-ಡಿಗೆ ಬಂದಾಗ, ಎ ತಂತಿಯ ಮೊಳಗು ಇನ್ನೂ ಉಳಿದಿರುತ್ತದೆ. ಎ ಅಂದರೆ ಜಿಗೆ ರಿಷಭ, ರಾಗದೊಳಗಿನದೇ, ಆದರೂ ನೆಲೆ ಮಸುಕಾಗುತ್ತದೆ. ಒಂದು ಬೆರಳಿಂದ ತಂತಿ ತಡೆಯಲು ಚೆಲ್ಲೊದವರು ಒಪ್ಪಿದ್ದಾರೆ. ತಡೆಯದೆ ಆ ಮಸುಕನ್ನೇ ಇಟ್ಟುಕೊಳ್ಳೋಣ ಅನ್ನುವುದು ವಿಯೋಲಾ ಮೇಡಂ ವಾದ. ಎರಡನ್ನೂ ರೆಕಾರ್ಡ್ ಮಾಡಿದ್ದೇವೆ. ನನಗೆ ಬೆಳಿಗ್ಗೆ ಒಂದು ಇಷ್ಟವಾಗುತ್ತದೆ, ರಾತ್ರಿ ಇನ್ನೊಂದು.

ಎರಡನೆಯದು, ಮುಂದಿನ ಓದು ಬೇರೆ ನಾಲ್ವರ ಜೊತೆ. ಅವರಲ್ಲಿ ಕರ್ನಾಟಕ ಸಂಗೀತ ಕಲಿತವರು ಒಬ್ಬರೂ ಇಲ್ಲ, ತೊಡೆ ತಟ್ಟಿ ತೋರಿಸುವ ಮೇಡಂ ಇರುವುದಿಲ್ಲ, ನಾನೂ ಬಾಯಿ ತೆರೆಯುವುದಿಲ್ಲ ಎಂದು ತೀರ್ಮಾನ ಮಾಡಿದ್ದೇನೆ. ಮೊದಲ ವಯಲಿನ್ನಿಗೂ ಬೆರಳ ಸಂಖ್ಯೆ ಇರುವ ಪಾರ್ಟ್ ತಯಾರಾಗಿದೆ. 7/8 ಭಾಗದ ತಲೆಯ ಮೇಲೆ 'ತಕಿಟ ತಕದಿಮಿ' ಅಂತ ಬರೆಯಬೇಕೋ, '3+4' ಅಂದರೆ ಸಾಕೋ ಅನ್ನುವುದು ಅವರ ಹಾಳೆ ವಾಪಸ್ ಬಂದ ಮೇಲೆ ಗೊತ್ತಾಗುತ್ತದೆ. ಸದ್ಯಕ್ಕೆ ಎರಡು ಪಾರ್ಟ್‌ನಲ್ಲಿ ಅದು, ಎರಡರಲ್ಲಿ ಇದು ಹಾಕಿ ಪ್ರಿಂಟ್‌ಗೆ ಕೊಟ್ಟಿದ್ದೇನೆ. ಪೆನ್ಸಿಲ್ ಇನ್ನೊಂದು ಡಜನ್ ತರಬೇಕು.